ಅದೇ… ಅದು

ಜಬಿವುಲ್ಲಾ, ನಾಲ್ಕನೇ ಕ್ಲಾಸು, ಹಾಜರಿ ನಂಬರು ಹದಿನೇಳು.
ಅಂಗಿಯ ಕಾಲರಿನಲ್ಲಿ ಭತ್ತದ ಹೊಟ್ಟಿನ ಬೂದಿ.
ದಾವಣಗೆರೆಯ ಮಂಡಕ್ಕಿ ಭಟ್ಟಿ ಸಾಲಿನ ಮಕ್ಕಳೆಲ್ಲ
ಹಾಗೇ ಬರುತ್ತಾರೆ, ಸ್ವಲ್ಪ ಹೊಗೆ ತೊಟ್ಟುಕೊಂಡು.

ಜೂನಿನಲ್ಲಿ ಹೇಳಿದ್ದೆ:
ಆಫೀಸ್ ರೂಮಿಗೆ ಹೋಗು, ಬೀರುವಿನ ಮೇಲಿನ ಸೀಮೆಸುಣ್ಣ ತಾ,
ಬರುವಾಗ ಗಂಗಕ್ಕನಿಗೆ ಕೊಡ ತುಂಬಿಸಲು ಹೇಳು.
ಹೋದ. ಬಂದ. ಬರಿಗೈ.
ಬಾಗಿಲಲ್ಲಿ ನಿಂತು ನನ್ನ ಬಾಯನ್ನೇ ನೋಡಿದ,
ಬಸ್ಸು ಹೊರಟುಹೋದ ಮೇಲೆ
ಬೋರ್ಡು ನೆನಪಿಸಿಕೊಳ್ಳುವವರ ಹಾಗೆ.
ಕೊಬ್ಬು ಅಂದುಕೊಂಡೆ.
ಅಂದುಕೊಂಡದ್ದಷ್ಟೇ ಅಲ್ಲ, ಎಲ್ಲರೆದುರು ಅಂದೂಬಿಟ್ಟೆ.

"ಮನೆಮಾತು ಉರ್ದು, ಕನ್ನಡ ಹತ್ತೋದು ತಡ"
ಅಂದರು ಹೆಡ್‌ಮಾಸ್ಟರು ಕೊಟ್ರಪ್ಪ, ಟೀ ಆರಿಸುತ್ತ.
ಸರಿಯೆನಿಸಿತು. ಸುಲಭವಾದದ್ದು ಬೇಗ ಸರಿಯೆನಿಸುತ್ತದೆ.
ಅದೇ ಓಣಿಯ ತಬಸ್ಸುಮ್, ಅದೇ ಬೆಂಚಿನಲ್ಲಿ,
ಪಟಪಟ ಕನ್ನಡದಲ್ಲೇ ಚಾಡಿ ಹೇಳುತ್ತಿದ್ದಳು.
ಅದನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ.

ಒಂದು ಸೋಮವಾರ ಅವನಮ್ಮ ಬಂದಳು,
ಮಂಡಕ್ಕಿ ಪೊಟ್ಟಣ ಮೇಜಿನ ಮೇಲಿಟ್ಟು ನಿಂತೇ ಹೇಳಿದಳು:
"ಮನೇಲೂ ಹಿಂಗೇ ಟೀಚರಮ್ಮ. ನಮ್ಮ ಮಾತಲ್ಲೂ
ಅವನಿಗೆ ಮಾತು ಸಿಗಲ್ಲ. ತಮ್ಮನ ಹೆಸರಿಗೇ
ಒಂದೊಂದ್ಸಲ ತಡಕಾಡ್ತಾನೆ.
ಕಿವಿ ತೋರಿಸಿದ್ವಿ. ಕಿವಿ ಚಲೋ ಐತಂತೆ."

ಎರಡು ಭಾಷೆಯ ನಡುವೆ ಬಿದ್ದವನಲ್ಲ ಹಾಗಾದರೆ.
ಎರಡೂ ಮನೆಯಲ್ಲಿ, ಅದೇ ಕತ್ತಲಲ್ಲಿ,
ದೀಪದ ಗೂಡು ತಡವುತ್ತಿದ್ದವನು.

ಆ ರಾತ್ರಿ ಕಿರುಪರೀಕ್ಷೆಯ ಹಾಳೆ ಮತ್ತೆ ತೆಗೆದೆ.
ಚಿತ್ರ ನೋಡಿ ಒಂದು ಪದದಲ್ಲಿ ಉತ್ತರಿಸಿ.
ಜರಡಿಯ ಚಿತ್ರ.
ಅಪ್ಪ ದಿನವಿಡೀ ಜರಡಿ ಆಡಿಸುವ ಹುಡುಗ
ಬರೆದಿದ್ದ, ಅಕ್ಷರದ ಮೇಲೆ ಅಕ್ಷರ ಹತ್ತಿಸಿ:
ಅದೆ ಅದು ಮರಳು ಕೆಳಗೆ ಮಂಡಕ್ಕಿ ಮೇಲೆ
ಪಕ್ಕದಲ್ಲಿ ಕೆಂಪು ಶಾಯಿಯ ನನ್ನ ಸೊನ್ನೆ,
ದುಂಡಗೆ, ಜರಡಿಯಷ್ಟೇ ದುಂಡಗೆ.

ಈಗ ವಾಕ್ಯ ಮುರಿದು ಕೊಡುತ್ತೇನೆ, ರೊಟ್ಟಿ ಮುರಿದ ಹಾಗೆ.
ಬೀರು. ನೋಡುತ್ತಾನೆ.
ಸೀಮೆಸುಣ್ಣ. ತರುತ್ತಾನೆ.
ಗಂಗಕ್ಕನ ಕೊಡ ನಾಳೆಗಿರಲಿ.
ಪ್ರಶ್ನೆ ಕೇಳಿ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುತ್ತೇನೆ.
ಹತ್ತು ಎಷ್ಟು ಉದ್ದವೆಂದು
ಇಪ್ಪತ್ತೆರಡು ವರ್ಷ ಮಗ್ಗಿ ಹೇಳಿಸಿದವಳಿಗೆ ಗೊತ್ತಿರಲಿಲ್ಲ.
ಆರಕ್ಕೆಲ್ಲ ತಬಸ್ಸುಮ್ ಉತ್ತರ ಹೇಳಿಬಿಡುತ್ತಾಳೆ.

ಭಟ್ಟಿಯಲ್ಲಿ ಕೆಲವು ಕಾಳು ತಡವಾಗಿ ಅರಳುತ್ತವೆ
ಎಂದು ಬರೆಯಹೊರಟಿದ್ದೆ. ಹೊಡೆದುಹಾಕಿದೆ.
ಅವನು ಕಾಳಲ್ಲ.
ಅವನಿಗೆ ಕಾದ ಮರಳು ಬೇಡ, ಕಾದು ಕೂತವರು ಬೇಕು.

ನಿನ್ನೆ ಸಂಜೆ ಗಂಟೆ ಹೊಡೆದ ಮೇಲೂ ಏಳಲಿಲ್ಲ.
ಆ ಹಳೆಯ ಚಿತ್ರದ ಮೇಲೆ ಬೆರಳಿಟ್ಟು
"ಜ" ಅಂದ.
ಹತ್ತಾಯಿತು. ಇಪ್ಪತ್ತಾಯಿತು.
ಬೀಗ ಹಿಡಿದು ಗಂಗಕ್ಕ ಬಾಗಿಲಲ್ಲಿ.
ಎದ್ದು, ಅಪ್ಪನ ಹಾಗೇ ಸೊಂಟ ತುಸು ಬಾಗಿಸಿ,
ಎರಡೂ ಕೈ ಚಾಚಿ ಗಾಳಿಯಲ್ಲಿ ಆಡಿಸತೊಡಗಿದ.
ನಾನೂ ಆಚೆಯ ಅಂಚು ಹಿಡಿದೆ.

"ಮೆಲ್ಲಕೆ, ಮಿಸ್," ಅಂದ.
"ಬಿಸಿ ಐತೆ."