ವಾಪಸ್ ಟಿಕೀಟು

ಲಾಯದೊಡ್ಡಿ ಹಾಲ್ಟಿನಲ್ಲಿ ಟಿಕೀಟು ಕೊಡುವವಳು ನಾನು,
ಸಂಬಳವಿಲ್ಲ, ಕಮಿಷನ್ನು.
ಹೊಸೂರು ದಾಟಿದ ಮೇಲೆ ಪ್ಯಾಸೆಂಜರು
ಇಲ್ಲೊಂದು ನಿಮಿಷ ನಿಲ್ಲುತ್ತದೆ,
ನಿಂತದ್ದು ತನಗೇ ನೆನಪಿರದ ಹಾಗೆ.

ಪ್ಲಾಟ್‌ಫಾರಂ ಮಾತ್ರ ಹದಿನಾಲ್ಕು ಡಬ್ಬಿ ಉದ್ದ.
ಯಾವ ಕಾಲದ್ದೋ ಜನಜಂಗುಳಿಗೆ ಹೊಲಿಸಿದ ಅಂಗಿ,
ಈಗ ತೊಡುವುದಕ್ಕೆ ಎಂಟು ಮಂದಿ:
ಹೂಕೋಸಿನ ಮೂಟೆಯ ಇಬ್ಬರು, ಮಿಕ್ಕವರು
ಗುಲಾಬಿ ಶೆಡ್ಡಿನ ಹುಡುಗಿಯರು.
ಜೊತೆಗೊಂದು ನಾಯಿ. ಅದು ಟಿಕೀಟು ಕೊಳ್ಳುವುದಿಲ್ಲ.

ಬೇಲಿಯಾಚೆ ರೇಸಿನ ಬಯಲು.
ಬೆಳಗಿನ ಮಂಜಿನಲ್ಲಿ ಕುದುರೆಗಳಿಗೆ ಕಾಲಿರುವುದಿಲ್ಲ,
ಬೆನ್ನು ಮಾತ್ರ ತೇಲಿ ಬರುತ್ತವೆ,
ಆಮೇಲೆ ಸದ್ದು, ಆಮೇಲೆ ಲದ್ದಿಯ ವಾಸನೆ,
ಕೊನೆಗೆ ಲಾಯದ ಖಲಂದರನ ಕೆಮ್ಮು.

ಬೋರ್ಡಿನ ಮೇಲೆ ಊರ ಹೆಸರು ಮೂರು ಲಿಪಿಯಲ್ಲಿದೆ.
ನನ್ನದು ಅದರಲ್ಲಿಲ್ಲ.
ಸಂಜೆ ಸೋತು ಬಂದವರು ಕಂಬಿಗೆ ಉಗಿಯುತ್ತ
ಕುದುರೆಯ ಅಪ್ಪನನ್ನೂ ಬಿಡದೆ ಬೈಯುವುದು ಕೇಳಿದರೆ
ಕನ್ನಡ ಎಲ್ಲೂ ಹೋಗಿಲ್ಲ ಅನ್ನಿಸುತ್ತದೆ.

ಶನಿವಾರದ ಲಾಜರಪ್ಪ ಬೇರೆ ಥರ.
ಗಡಿಯಾರ ರಿಪೇರಿಯವನು, ಕಂಟೋನ್ಮೆಂಟಿನಿಂದ ಬರುವವನು.
ಇಳಿದವನೇ ನೇರ ನನ್ನ ಕಿಂಡಿಗೆ:
"ವಾಪಸ್ ಒಂದು ಕೊಡು ಪಿಳ್ಳಕ್ಕ."
ಕೊಂಡು, ತಿರುಗಿ ನನ್ನ ಕೈಗೇ ಕೊಡುವನು.
"ಜೇಬಲ್ಲಿದ್ರೆ ಇದನ್ನೂ ಮಾರ್ಕೊಂಡ್ಬಿಡ್ತೀನಿ,
ನಿನ್ನ ಹತ್ರಾನೇ ಇರ್ಲಿ."
ಹದಿನೈದು ರೂಪಾಯಿಯ ಮಾನ
ಡ್ರಾಯರಿನಲ್ಲಿ ಚಿಲ್ಲರೆಯ ಪಕ್ಕ ಕೂತಿರುತ್ತಿತ್ತು.
ಐದೂ ನಲವತ್ತಕ್ಕೆ ಬಂದು ಕೈ ಚಾಚುವನು.
ಮುಖ ನೋಡಿ ನಾನೇನೂ ಕೇಳುತ್ತಿರಲಿಲ್ಲ.
ಒಂದೇ ಒಂದು ಸಲ ಕಡಲೆಕಾಯಿ ತಂದಿದ್ದ.

ಕಳೆದ ಮಾಘದ ಒಂದು ಶನಿವಾರ
ರೈಲು ಬಂತು.
ತಡೆದೆ, ನನ್ನಿಂದಾದಷ್ಟು:
ಗಾರ್ಡಿಗೆ ನೀರು ಕೊಟ್ಟೆ,
ಅವನ ಮಗಳ ಬಾಣಂತನ ವಿಚಾರಿಸಿದೆ.
ಹಸಿರು ಬಾವುಟ ಎದ್ದಿತು.
ಲಾಜರಪ್ಪ ಬರಲಿಲ್ಲ.

ಖಲಂದರ್ ಹೇಳುತ್ತಾನೆ: ಕೊನೆಯ ರೇಸಿನಲ್ಲಿ
ಯಾರೂ ಕಣ್ಣೆತ್ತಿ ನೋಡದ ಬೂದು ಹೆಣ್ಣುಕುದುರೆ ಗೆದ್ದಿತು,
ಒಬ್ಬ ಮುದುಕ ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ
ಕಾಲು ಚಾಚಿ ಕೂತು ಹೋದ.
ಗುಲಾಬಿ ಶೆಡ್ಡಿನ ಚೌಡಿ ಹೇಳುತ್ತಾಳೆ: ಕತ್ತಲಾದ ಮೇಲೆ
ಒಬ್ಬ ಮುದುಕ ಕಂಬಿಗುಂಟ ಬೆಂಗಳೂರ ಕಡೆ
ನಡೆದು ಹೋದ, ಚಪ್ಪಲಿ ಕೈಯಲ್ಲಿ.
ಇಬ್ಬರೂ ಆಣೆ ಹಾಕುತ್ತಾರೆ.
ಒಂದೊಂದು ದಿನ ಒಬ್ಬೊಬ್ಬರನ್ನು ನಂಬುತ್ತೇನೆ.

ಟಿಕೀಟಿನ ಆಯುಸ್ಸು ಆ ನಡುರಾತ್ರಿಗೇ ಮುಗಿದಿದೆ.
ಲೆಕ್ಕ ನೋಡಲು ಬಂದವರು ಬಿಸಾಕು ಅಂದರು.
ಚಿಲ್ಲರೆ ಹುಡುಕುವ ಬೆರಳು
ಅದನ್ನು ಬಳಸಿಕೊಂಡು ಹೋಗುತ್ತದೆ,
ಮಲಗಿದವರನ್ನು ದಾಟದ ಹಾಗೆ.

ನಾನು ಜೂಜಾಡಿದವಳಲ್ಲ.
ಆದರೂ ಐದೂ ನಲವತ್ತರ ರೈಲು ತಿರುವಿನಲ್ಲಿ ಕಂಡಾಗ
ಬೇಲಿಯಾಚೆ ಒಂದು ಕುದುರೆ ಅದರ ಜೊತೆಗೇ ಓಡತೊಡಗಿದರೆ,
ಎರಡರಲ್ಲಿ ನಿಲ್ಲುವುದು ಯಾವುದೆಂದು ಗೊತ್ತಿದ್ದೂ
ಕಿಂಡಿಯ ಅಂಚನ್ನು
ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತೇನೆ.