ಗಿಲಕಿ

ಇಂಗ್ಲೆಂಡಿನ ಬಡಗಲಲ್ಲಿ, ಟೀಸ್ ಹೊಳೆ
ಇನ್ನೂ ತೊರೆಯಾಗಿರುವ ಎತ್ತರದಲ್ಲಿ
ವಿಲ್ಫ್ ಟ್ಯಾಲೆಂಟೈರನ ಹುಲ್ಲುಗಾವಲು.
ನಾನು ಎಣಿಸಲು ಬಂದವಳು. ಕೈಯಲ್ಲಿ
ಮೀಟರಗಲದ ಮರದ ಚೌಕಟ್ಟು,
ಬಾಯಲ್ಲಿ ಪೆನ್ಸಿಲ್ಲು.

ಮಂಡಿಯೂರಿದೆ.
ಕೊಕ್ಕರೆಕೊಕ್ಕು, ನೇರಳೆ.
ಹೆಪ್ಪುಗಟ್ಟಿದ ನೆತ್ತರಿನಂಥ ಬರ್ನೆಟ್ಟು.
ನಿನ್ನೆಯ ಮಳೆಯ ಒಂದೇ ಹನಿಯನ್ನು
ಯಾರಿಗೂ ಕೊಡದೆ ಎಲೆಯ ಬೊಗಸೆಯಲ್ಲಿ ಹಿಡಿದ
ಮೇರಿಯಮ್ಮನ ಸೆರಗು.
ಮೂವತ್ತೊಂದು ಜಾತಿ, ಎಂದೆ.
‘ಮೂವತ್ತೆರಡು,’ ಅಂದ ಗೋಡೆಗೊರಗಿದ ಮುದುಕ,
‘ನಿನ್ನ ಮಂಡಿಯಡಿ ಇನ್ನೊಂದಿದೆ.’

ಇತ್ತು. ಅಕ್ಕಿಕಾಳಿನಷ್ಟು ಹೂ, ಜಜ್ಜಿಹೋಗಿತ್ತು.

ಕಲ್ಲುಗೋಡೆಯಾಚೆ ಅವನಣ್ಣ ಎಡ್ವಿನ್ನನ ಹೊಲ.
ಎಪ್ಪತ್ತೆರಡರಲ್ಲಿ ಗೊಬ್ಬರದ ಲಾರಿ ಬಂದಾಗ
ಅಣ್ಣ ನಲವತ್ತು ಮೂಟೆ ಇಳಿಸಿಕೊಂಡ.
ಅಲ್ಲೀಗ ಒಂದೇ ಹುಲ್ಲು, ಒಂದೇ ಹಸಿರು,
ವರ್ಷಕ್ಕೆ ಮೂರು ಕೊಯ್ಲು.
‘ತಪ್ಪೇನಲ್ಲ. ಅವನಿಗೆ ಐದು ಮಕ್ಕಳು.
ನನ್ನ ಹತ್ತಿರ ಆ ವರ್ಷ ದುಡ್ಡಿರಲಿಲ್ಲ, ಅಷ್ಟೇ.
ಈಗ ನೀವೆಲ್ಲ ಬಂದು
ಎಂಥಾ ಚೆನ್ನಾಗಿ ಕಾಪಾಡಿದಿರಿ ಅನ್ನುತ್ತೀರಿ.’

ಗೇಟಿನ ಮೇಲೆ ಇಲಾಖೆಯ ಫಲಕ: ಸಂರಕ್ಷಿತ.
ಜುಲೈ ಹದಿನೈದಕ್ಕೆ ಮೊದಲು ಕತ್ತಿ ತಾಗಕೂಡದು.
ಅವನಪ್ಪ ಕ್ಯಾಲೆಂಡರು ನೋಡಿ ಕೊಯ್ದವನಲ್ಲ.
ಹಳದಿ ಗಿಲಕಿ ಹೂ ಉದುರಿ, ಕಾಯಿ ಒಣಗಿ,
ಒಳಗೆ ಬೀಜ ಕಳಚಿಕೊಂಡು
ನಡೆವವನ ಬೂಟಿಗೆ ಗಿಲಿಗಿಲಿ ಎಂದ ದಿನ
ಮಸೆಗಲ್ಲು ಹೊರಗೆ ಬರುತ್ತಿತ್ತು.

ಗಿಲಕಿ ಕಳ್ಳಗಿಡ. ಮಣ್ಣೊಳಗೆ
ಹುಲ್ಲಿನ ಬೇರಿಗೆ ಬಾಯಿಟ್ಟು ಕುಡಿಯುತ್ತದೆ.
ಹುಲ್ಲು ಸೊರಗಿದ ಸಂದಿನಲ್ಲಿ
ಉಳಿದವಕ್ಕೆಲ್ಲ ಬಿಸಿಲು.
ಇದನ್ನು ವರದಿಯಲ್ಲಿ ಬರೆದಿದ್ದೇನೆ,
ಬೇರೆ ಮಾತಿನಲ್ಲಿ.

ಹದಿನಾಲ್ಕರ ಸಂಜೆ ಅವನು ಬಂದ.
ಬಾಗಿ ಒಂದು ದಂಟು ಮುರಿದು
ಕಿವಿಯ ಬಳಿ ಅಲ್ಲಾಡಿಸಿದ.
ಮತ್ತೊಮ್ಮೆ.
ಇನ್ನೊಂದು ಕಿವಿಗೆ.
ಎರಡು ಮಾರು ದೂರ ನಿಂತ ನನಗೇ ಕೇಳುತ್ತಿತ್ತು,
ತೊಟ್ಟಿಲ ಬಳಿ ಯಾರೋ ಆಡಿಸಿದ ಹಾಗೆ.

‘ಕೇಳುತ್ತಿದೆಯಾ?’ ಎಂದ.
ಹೌದೆಂದು ನಾನು ತಲೆಯಾಡಿಸುವಷ್ಟರಲ್ಲಿ
ಕಾಯನ್ನು ಕೆಳದುಟಿಗೆ ಒತ್ತಿಕೊಂಡು,
ಕಣ್ಣು ಮುಚ್ಚಿ,
ಮೆಲ್ಲಗೆ ಅಲುಗಿಸುತ್ತಿದ್ದ.

‘ನಾಳೆ,’ ಅಂದ. ಫಲಕದ ಕಡೆ ನೋಡಲಿಲ್ಲ.

ನಾಳೆ ಮಳೆ ಬಂತು.
ಕೊಯ್ದದ್ದು ಹತ್ತೊಂಬತ್ತಕ್ಕೆ.