ಭ್ರಮೆಯ ಕೆಳಗೆ

ಡಂಡೀ ಊರಿನ ಆಸ್ಪತ್ರೆಯಲ್ಲಿ ನನ್ನದು ಟೈಪಿಸ್ಟ್ ಕೆಲಸ.
ಸೇರಿದ ಮೊದಲ ವಾರವೇ ಡೆಲ್ಯೂಷನ್ ಎಂಬ ಪದದಲ್ಲಿ
ಎರಡಕ್ಷರ ತಪ್ಪಿಸಿದೆ;
ರೋಗಿಗೆ ಯಾರೋ ನೀರು ಬೆರೆಸಿದ್ದಾರೆ ಎಂದಾಯಿತು ಅರ್ಥ.
ಡಾಕ್ಟರ್ ಓಗಿಲ್ವಿ ನಗಲಿಲ್ಲ.
ನನ್ನ ನೀರಿನ ಲೋಟಕ್ಕೆ ಪೆನ್ಸಿಲು ಇಳಿಬಿಟ್ಟು,
"ಮುರಿದಂತೆ ಕಾಣುತ್ತದಲ್ಲ, ಅದು ಇಲ್ಯೂಷನ್. ಕಣ್ಣಿನದು.
ಹೊರಗೆ ತೆಗೆದು ಕೈಗೆ ಕೊಟ್ಟ ಮೇಲೂ
ಮುರಿದಿದೆ ಅಂದರೆ, ಮಿಸ್ ರೆನ್ನಿ,
ಆಗ ಬರುತ್ತದೆ ನಿಮ್ಮ ಪದ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನೆದುರು
ಮೊಲವನ್ನೇ ತಂದು ಬಿಡಿ,
ಮೂರರವರೆಗೆ ಎಣಿಸಿ ಬೆರಳು ಮಡಚುತ್ತಾನೆ.

ಫರ್ಗಸ್ ಪೆಟ್ರಿ, ವಯಸ್ಸು ಅರವತ್ತೊಂಬತ್ತು.
ಟೇ ನದಿಯ ದೋಣಿಯಲ್ಲಿ ಮೂವತ್ತು ವರ್ಷ ಟಿಕೆಟ್ ಹರಿದವನು.
ಸೇತುವೆ ಬಂದು ಎಂಟು ವರ್ಷ,
ದೋಣಿ ಗುಜರಿಗೆ ಹೋಗಿ ಏಳು.
ಈಗಲೂ ಬೆಳಗಿನ ಆರೂವರೆಗೆ ಕಟ್ಟೆಯ ಮೇಲೆ ನಿಂತು
"ಇನ್ನು ಐದೇ ನಿಮಿಷ" ಎನ್ನುತ್ತಾನೆ
ಗಾಳಿಗೆ, ಸೀಗಲ್ ಹಕ್ಕಿಗಳಿಗೆ,
ಪೇಪರ್ ಹಾಕುವ ಹುಡುಗನಿಗೆ.

ಡಾಕ್ಟರು ಹೇಳುತ್ತಾ ಹೋದರು, ನಾನು ಕುಟ್ಟುತ್ತಾ ಹೋದೆ:
ಸುಳ್ಳು ನಂಬಿಕೆ. ಸ್ಥಿರ.
ಸಾಕ್ಷಿಗೆ ಜಗ್ಗದ್ದು.
ಅವನ ಸುತ್ತಿನ ಜನ ಯಾರೂ ಹಂಚಿಕೊಳ್ಳದ್ದು.
ಕಡೆಯ ಸಾಲಿಗೆ ನನ್ನ ಬೆರಳು ತಡೆಯಿತು.

ಆ ವರ್ಷ ನಮ್ಮ ಅಮ್ಮನ ಸೆಣಬಿನ ಗಿರಣಿ ಬೀಗ ಹಾಕಿತ್ತು.
ವಸಂತಕ್ಕೆ ತೆರೆಯುತ್ತದೆ ಎಂದಳು ಅಮ್ಮ,
ತೆರೆಯುತ್ತದೆ ಎಂದಿತು ಇಡೀ ಬೀದಿ,
ಮೇಯರು ಕೋಟಿನ ಗುಂಡಿ ಹಾಕಿಕೊಳ್ಳುತ್ತ ಅದನ್ನೇ ಹೇಳಿದರು.
ಪೇಪರಿನವರು ಬರೆದದ್ದು: ನಗರದಲ್ಲಿ ಆತ್ಮವಿಶ್ವಾಸ.
ಒಬ್ಬನೇ ನಂಬಿದರೆ ಫೈಲು,
ಸಾವಿರ ಜನ ನಂಬಿದರೆ ತಲೆಬರಹ.
ಅಮ್ಮ ಎರಡು ವಸಂತ ಏಪ್ರನ್ನು ಒಗೆದು ಇಸ್ತ್ರಿ ಮಾಡಿಟ್ಟಳು.

ಚಹಾದ ಹೊತ್ತಿಗೆ ಡಾಕ್ಟರು ಖುಷಿಯಲ್ಲಿದ್ದರೆ ಪದ ಬಿಚ್ಚುತ್ತಿದ್ದರು.
ಇದರ ಹೊಟ್ಟೆಯಲ್ಲಿ ಲ್ಯಾಟಿನ್ನಿನ ಆಟ ಇದೆಯಂತೆ,
ಎದುರಿನವನನ್ನು ಆಡಿಸುವ ಆಟ.
ಆದರೆ ಬಳಸುವಾಗ ನಾವು ಇಂಗ್ಲಿಷಿನವರು,
ಇಂಥವನು ಡೆಲ್ಯೂಷನ್ನಿನ ಕೆಳಗೆ ದುಡಿಯುತ್ತಿದ್ದಾನೆ, ಎನ್ನುತ್ತೇವೆ.
ಒಳಗೆ ಅಲ್ಲ. ಕೆಳಗೆ.
ಸೋರುವ ಮಾಡಿನ ಕೆಳಗೆ, ಮೂಟೆಯ ಕೆಳಗೆ.
ಒಳಗಡೆ ಆಟ, ಹೊರಗಡೆ ದುಡಿಮೆ!
ಕೂಲಿ ಯಾರು ಕೊಡುತ್ತಾರೆ ಎಂದು ಕೇಳಿದೆ.
ಬಿಸ್ಕತ್ತು ಅದ್ದುತ್ತಿದ್ದ ಡಾಕ್ಟರು
"ಮೂರು ಗಂಟೆಗೆ ರೋಗಿ ಇದ್ದಾರೆ" ಎಂದರು.

ನವೆಂಬರಿನ ಒಂದು ಶನಿವಾರ ಕಟ್ಟೆಗೆ ಹೋದೆ.
ಯಾಕೆ ಅಂತ ಕೇಳಬೇಡಿ.
ಅಲ್ಲಿ ಎಫಿ ಲೌಸನ್ ಎಂಬ ವಿಧವೆ ಆಗಲೇ ಸಾಲಿನಲ್ಲಿದ್ದಳು,
ಚೀಲದಲ್ಲಿ ಹೆರಿಂಗ್ ಮೀನು.
"ನನಗೆ ಗೊತ್ತಮ್ಮ, ದೋಣಿ ಇಲ್ಲ," ಪಿಸುಗುಟ್ಟಿದಳು,
"ಆದರೆ ಇವನು ಹವೆ ಸರಿಯಾಗಿ ಹೇಳುತ್ತಾನೆ,
ನನ್ನ ಮೊಣಕಾಲು ಹೇಗಿದೆ ಅಂತಲೂ ಕೇಳುತ್ತಾನೆ."

ನಾನು ಹೊಸ ನಾಣ್ಯ ಚಾಚಿದೆ.
ಪೆಟ್ರಿ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ
ಕರುಣೆಯಿಂದಲೇ ವಾಪಸು ಕೊಟ್ಟ:
"ಯಾರೋ ನಿಮಗೆ ಮೋಸ ಮಾಡಿದ್ದಾರೆ, ಮಗೂ."

ಮುಂದಿನ ಶನಿವಾರ ಅಮ್ಮನ ಗುಂಡಿಡಬ್ಬಿ ಕೆದಕಿ
ಹನ್ನೆರಡು ಮೂಲೆಯ ಹಳೇ ಮೂರು ಪೆನ್ನಿ ಒಯ್ದೆ.
ಆವತ್ತು ಸಮುದ್ರದಿಂದ ಮಂಜು ಏರಿ ಬಂದಿತ್ತು.
ಸೇತುವೆಯ ಒಂದು ಕಂಬ ಮುಳುಗಿತು, ಇನ್ನೊಂದು,
ಆಮೇಲೆ ಸೇತುವೆಯೇ ಇಲ್ಲ,
ಬರೀ ನೀರು, ಆಚೆ ದಡಕ್ಕೆ ಹೋಗಬೇಕಾದ ನಾವು ಮೂವರು.
ಇದು ಕಣ್ಣಿನದು, ಬರೀ ಕಣ್ಣಿನದು
ಎಂದು ಪೆನ್ಸಿಲು ನೆನೆಸಿಕೊಂಡೆ.
ಪೆಟ್ರಿ ನೆಟ್ಟಗೆ ನಿಂತು ಟಿಕೆಟ್ ಹರಿದು ಕೊಟ್ಟ.
ಅವನ ಬೆರಳು ಬೆಚ್ಚಗಿತ್ತು.

ಸೋಮವಾರ ಡಾಕ್ಟರು ಹೇಳಿದರು: ಸುಧಾರಣೆ ಇಲ್ಲ.
ಹಾಗೇ ಟೈಪು ಮಾಡಿದೆ, ಕಾರ್ಬನ್ ಪ್ರತಿಯ ಸಮೇತ,
ಈ ಸಲ ಒಂದಕ್ಷರವೂ ತಪ್ಪಲಿಲ್ಲ.

ಅದು ಹೋಗಿ ಬರುವ ಟಿಕೆಟ್.
ಬರುವ ಅರ್ಧ
ಇನ್ನೂ ನನ್ನ ಪರ್ಸಿನಲ್ಲಿದೆ.